ಶಿರಸಿಯಿಂದ ಡ್ಯಾನ್ಯೂಬ್ ದಂಡೆಗೆ: ಸೈಕಲ್ ಕಟ್ಟಿಕೊಂಡು ವಿಮಾನ ಹತ್ತುವವರಿಗೆ

ಜೂನ್ ಮೊದಲ ವಾರ. ಶಿರಸಿಯಲ್ಲಿ ಆಗಷ್ಟೇ ಮಳೆ ಹಿಡಿದಿತ್ತು. ನಮ್ಮ ಮನೆ ಜಗುಲಿಯಲ್ಲಿ ಎರಡು ರಟ್ಟಿನ ಪೆಟ್ಟಿಗೆ ಗೋಡೆಗೆ ಒರಗಿ ನಿಂತಿದ್ದವು. ಒಂದೊಂದೂ 140 ಸೆಂ.ಮೀ. ಉದ್ದ, 80 ಸೆಂ.ಮೀ. ಎತ್ತರ, ಒಂದು ಗೇಣು ದಪ್ಪ. ಒಳಗೆ ನಮ್ಮಿಬ್ಬರ ಸೈಕಲ್. ಅವು ನೆನೆಯದೆ ಬೆಂಗಳೂರಿನ ವಿಮಾನ ನಿಲ್ದಾಣ ಸೇರಬೇಕಿತ್ತು. ಅಲ್ಲಿಂದ ಜರ್ಮನಿಯ ಮ್ಯೂನಿಕ್. ಆಮೇಲೆ ಪಸಾವ್ ಎಂಬ ಊರಿನಿಂದ ಡ್ಯಾನ್ಯೂಬ್ ನದಿಯ ದಂಡೆ ಹಿಡಿದು ಸರ್ಬಿಯಾದ ಬೆಲ್‌ಗ್ರೇಡ್‌ವರೆಗೆ, ಹತ್ತಿರ ಹತ್ತಿರ 1,200 ಕಿ.ಮೀ. ಸವಾರಿ.

ತುಳಿಯುವುದಕ್ಕೆ ನಮಗೇನೂ ಭಯ ಇರಲಿಲ್ಲ. ಘಟ್ಟ ಹತ್ತಿ ಇಳಿದೇ ಬೆಳೆದವರು. ಭಯ ಇದ್ದದ್ದು ಆ ಪೆಟ್ಟಿಗೆಗಳದ್ದು. ಹೋಗಿ ಬಂದ ಮೇಲೂ ನನ್ನ ಮಾತು ಅದೇ. ಸೈಕಲ್ ಬಿಚ್ಚುವುದು, ಪೆಟ್ಟಿಗೆಗೆ ತುಂಬುವುದು, ಮತ್ತೆ ಜೋಡಿಸುವುದು ನಿಮ್ಮ ಕೈಗೇ ರೂಢಿಯಾಗಿರಬೇಕು. ಊರಿನ ಅಂಗಡಿಯವರು ಚೆಂದವಾಗಿ ಕಟ್ಟಿಕೊಡುತ್ತಾರೆ, ಸರಿ. ಆದರೆ ಮ್ಯೂನಿಕ್‌ನಲ್ಲಿ ಅದನ್ನು ಬಿಚ್ಚಿ ಕೂರಿಸುವವರು ನೀವೇ ಅಲ್ವಾ?

ಆರು ತಿಂಗಳು ಮೊದಲು: ದಾರಿ ಮತ್ತು ವೀಸಾ

ಮೊದಲ ಸಲ ಹೋಗುವವರು ನದಿ ದಂಡೆಯ ದಾರಿ ಆರಿಸಿಕೊಳ್ಳಿ. ಏರು ಕಡಿಮೆ, ಊರುಗಳು ಹತ್ತಿರ ಹತ್ತಿರ. ಡ್ಯಾನ್ಯೂಬ್ ಪಕ್ಕದ ದಾರಿ ಯೂರೋವೆಲೋ 6 ಎಂಬ ದೊಡ್ಡ ಸೈಕಲ್ ಮಾರ್ಗದ ಭಾಗ. ಈ ಮಾರ್ಗ ಅಟ್ಲಾಂಟಿಕ್ ಕರಾವಳಿಯಿಂದ ಕಪ್ಪು ಸಮುದ್ರದವರೆಗೆ ಹೋಗುತ್ತದೆ. ಪಸಾವ್‌ನಿಂದ ವಿಯೆನ್ನಾವರೆಗಿನ ಸುಮಾರು 320 ಕಿ.ಮೀ. ತುಂಬಾ ಸಲೀಸು. ಮಕ್ಕಳನ್ನು ಕರೆದುಕೊಂಡು ಹೋಗುವ ಕುಟುಂಬಗಳೂ ಅಲ್ಲಿ ಸಿಗುತ್ತವೆ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕೇ ಬೇಕು. ಬೆರಳಚ್ಚು ಕೊಡಲು ನಾವು ಬೆಂಗಳೂರಿಗೆ ಹೋದೆವು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ಇಲ್ಲಿ ಜನ ಜಾಸ್ತಿ ಎಡವುವುದು ಒಂದೇ ಕಡೆ. ವಿಮಾನ ಇಳಿಯುವ ದೇಶಕ್ಕೆ ಅರ್ಜಿ ಹಾಕಿಬಿಡುತ್ತಾರೆ. ನಿಯಮ ಹಾಗಿಲ್ಲ. ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಹಾಕಬೇಕು. ನಾವು ಇಳಿದದ್ದು ಜರ್ಮನಿಯಲ್ಲಿ, ಆದರೆ ಅಲ್ಲಿ ಇದ್ದದ್ದು ಮೂರೇ ದಿನ. ಆಸ್ಟ್ರಿಯಾದಲ್ಲಿ ಹತ್ತು, ಹಂಗೇರಿಯಲ್ಲಿ ಹನ್ನೆರಡು. ಹಾಗಾಗಿ ಅರ್ಜಿ ಹಂಗೇರಿಗೆ. ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ತಾರೀಖು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ರಾತ್ರಿ ಎಲ್ಲಿ ತಂಗುವುದು. ದಿನಗಳನ್ನು ಎಣಿಸಿದರೆ ಯಾವ ದೇಶ ಅಂತ ತಾನೇ ಗೊತ್ತಾಗುತ್ತದೆ. ಅದೇ ಹಾಳೆಯನ್ನು ಅರ್ಜಿಯ ಜೊತೆಗೂ ಲಗತ್ತಿಸಿ. ಸೈಕಲ್ ಪ್ರಯಾಣದಲ್ಲಿ ಒಂದು ದಿನ ಹಿಂದೆ ಮುಂದೆ ಆಗುವುದು ಸಹಜ. ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ರೂಮುಗಳನ್ನೇ ಬುಕ್ ಮಾಡಿ.

ಸರ್ಬಿಯಾ ಶೆಂಗೆನ್ ಒಳಗಿಲ್ಲ. ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇದ್ದರೆ ಭಾರತದವರನ್ನು ಅಲ್ಲಿಗೆ ಬಿಡುತ್ತಾರೆ. ಆದರೆ ಒಮ್ಮೆ ಆಚೆ ಹೋದ ಮೇಲೆ ಏನೋ ಕಾರಣಕ್ಕೆ ಕ್ರೊಯೇಷಿಯಾಕ್ಕೆ ವಾಪಸ್ ಬರಬೇಕಾಯಿತು ಅಂತಿಟ್ಟುಕೊಳ್ಳಿ. ಒಂದೇ ಪ್ರವೇಶದ ವೀಸಾ ಇದ್ದರೆ ಗಡಿಯಲ್ಲೇ ನಿಲ್ಲಬೇಕಾಗುತ್ತದೆ. ಹಾಗಾಗಿ ಅರ್ಜಿಯಲ್ಲೇ ಹಲವು ಪ್ರವೇಶದ ವೀಸಾ ಕೇಳಿ.

ವಿಮೆ ಪತ್ರವನ್ನು ಪೂರ್ತಿ ಓದಿ. ಸೈಕಲ್ ಪ್ರವಾಸವನ್ನು ಸಾಹಸ ಕ್ರೀಡೆ ಅಂತ ಹೊರಗಿಟ್ಟಿದ್ದಾರೆಯೇ ಅನ್ನುವುದನ್ನು ನೋಡಿ, ಏಜೆಂಟರಿಂದ ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

ಟಿಕೆಟ್ ತೆಗೆಯುವ ಮುನ್ನ ಕೇಳಬೇಕಾದ್ದು

ವಿಮಾನದ ಸಾಮಾನಿಗೆ ಎರಡು ಲೆಕ್ಕ ಇವೆ. ಕೆಲವು ಕಂಪನಿಗಳು ಒಟ್ಟು ತೂಕ ನೋಡುತ್ತವೆ. 30 ಕಿಲೋ ಅಂದರೆ ಎಷ್ಟು ಚೀಲವಾದರೂ 30 ಕಿಲೋ. ಇನ್ನು ಕೆಲವು ಚೀಲ ಎಣಿಸುತ್ತವೆ. ಒಂದೊಂದಕ್ಕೆ 23 ಕಿಲೋ, ಮತ್ತು ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂ.ಮೀ. ಮೀರಬಾರದು. ನಮ್ಮ ಪೆಟ್ಟಿಗೆ 140, 80, 22. ಕೂಡಿಸಿದರೆ 242. ಅಂದರೆ ತೂಕ ಸರಿ ಇದ್ದರೂ ಅಳತೆ ಮೀರುತ್ತದೆ. ಸೈಕಲ್‌ಗೆ ಪ್ರತ್ಯೇಕ ನಿಯಮ ಇದೆಯೇ, ಎಷ್ಟು ಕೊಡಬೇಕು, ಮೊದಲೇ ಹೇಳಿಡಬೇಕೇ ಎಂದು ಟಿಕೆಟ್‌ಗಿಂತ ಮೊದಲು ಕೇಳಿ. ಫೋನಿನಲ್ಲಿ ಹೇಳಿದ ಮಾತು ಕೌಂಟರ್‌ನಲ್ಲಿ ನಡೆಯುವುದಿಲ್ಲ. ಇಮೇಲ್ ಉತ್ತರ ತರಿಸಿಕೊಂಡು ಪ್ರಿಂಟ್ ಇಟ್ಟುಕೊಳ್ಳಿ. ಎಷ್ಟೇ ದುಡ್ಡು ಕೊಟ್ಟರೂ ಒಂದು ಪೆಟ್ಟಿಗೆ 32 ಕಿಲೋ ದಾಟುವಂತಿಲ್ಲ. ಅದು ಎತ್ತುವ ಕೆಲಸಗಾರರ ಬೆನ್ನಿಗಾಗಿ ಇರುವ ಮಿತಿ.

ಬೆಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಇರಲಿ. ಗೋವಾದಿಂದ ಮುಂಬೈಗೆ ಒಂದು, ಮುಂಬೈನಿಂದ ಹೊರಗೆ ಇನ್ನೊಂದು ಅಂತ ಬೇರೆ ಬೇರೆ ತೆಗೆದರೆ ಒಳನಾಡಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ. ಅಗ್ಗ ಅಂತ ಕಂಡದ್ದು ಅಲ್ಲಿ ಮುಳುಗುತ್ತದೆ. ಮಧ್ಯದಲ್ಲಿ ಪೆಟ್ಟಿಗೆ ಇಳಿಸಿ ಮತ್ತೆ ಹಾಕುವ ಕಷ್ಟ ಬೇರೆ.

ಕಾರವಾರ, ಅಂಕೋಲಾ ಕಡೆಯವರಿಗೆ ಗೋವಾ ಹತ್ತಿರ. ಆದರೆ ಅಲ್ಲೀಗ ಎರಡು ವಿಮಾನ ನಿಲ್ದಾಣ. ದಾಬೋಲಿಂ ಕಾರವಾರದಿಂದ ಸುಮಾರು 90 ಕಿ.ಮೀ. 2023ರಲ್ಲಿ ಶುರುವಾದ ಮೋಪಾ ಗೋವಾದ ಉತ್ತರ ತುದಿಯಲ್ಲಿದೆ, ಇನ್ನೂ ದೂರ. ಟಿಕೆಟ್‌ನಲ್ಲಿ ಯಾವುದು ಅಂತ ಎರಡು ಸಲ ನೋಡಿ.

ಜೋಗದ ಸುತ್ತು

ಸಾಮಾನು ಹೇರಿದ ಸೈಕಲ್ ಬೇರೆಯೇ ಪ್ರಾಣಿ. ಖಾಲಿ ಸೈಕಲ್‌ನಲ್ಲಿ 100 ಕಿ.ಮೀ. ಹೊಡೆಯುವವರೂ 18 ಕಿಲೋ ಹೇರಿದ ಮೇಲೆ 60ಕ್ಕೆ ಸುಸ್ತಾಗುತ್ತಾರೆ. ಹೊರಡುವ ಮುಂಚೆ ಸಾಮಾನು ಹೇರಿ ಅಭ್ಯಾಸ ಮಾಡಲು ನಮ್ಮ ಜಿಲ್ಲೆಯಲ್ಲೇ ಒಳ್ಳೆ ದಾರಿ ಇದೆ. ಶಿರಸಿಯಿಂದ ಸಿದ್ದಾಪುರ, ಜೋಗ. ಅಲ್ಲಿಂದ ಮಾವಿನಗುಂಡಿ ದಾಟಿ ಘಟ್ಟ ಇಳಿದು ಗೇರುಸೊಪ್ಪೆ, ಹೊನ್ನಾವರ. ಮರುದಿನ ಕುಮಟಾ. ಮೂರನೇ ದಿನ ದೇವಿಮನೆ ಘಟ್ಟ ಹತ್ತಿ ವಾಪಸ್ ಶಿರಸಿ. ಒಟ್ಟು 200 ಕಿ.ಮೀ. ಆಸುಪಾಸು. ಇಳಿಯುವಾಗ ಬ್ರೇಕ್ ಗೊತ್ತಾಗುತ್ತದೆ, ಹತ್ತುವಾಗ ಗಿಯರ್ ಗೊತ್ತಾಗುತ್ತದೆ. ದೇವಿಮನೆಯಲ್ಲಿ ಇಳಿದು ತಳ್ಳಬೇಕಾಯಿತು ಅಂದರೆ ಮುಂದಿನ ಹಲ್ಲುಗಾಲಿ ಸಣ್ಣದು ಹಾಕಿಸಿ, ಇಲ್ಲವೇ ಸಾಮಾನು ಇಳಿಸಿ. ನಾವು ಎರಡನ್ನೂ ಮಾಡಿದೆವು. ಅರಬೈಲ್ ಘಟ್ಟ ಬೇಡ, ಅಲ್ಲಿ ಲಾರಿ ಜಾಸ್ತಿ.

ಈ ಸುತ್ತಿನಲ್ಲಿ ಒಮ್ಮೆಯೂ ಹೊರತೆಗೆಯದ ವಸ್ತುವನ್ನು ಮನೆಯಲ್ಲೇ ಬಿಡಿ. ಪಂಕ್ಚರ್ ಸಾಮಾನು ಮತ್ತು ಔಷಧಿ ಮಾತ್ರ ಇದಕ್ಕೆ ಹೊರತು.

ಪೆಟ್ಟಿಗೆ ಕಟ್ಟುವುದು

ಇದಕ್ಕೆ ಒಂದು ತಿಂಗಳು ಮೊದಲೇ ಕೈ ಹಾಕಿ. ಕಾರಣ ನಮ್ಮ ಹವೆ. ಕರಾವಳಿಯ ಉಪ್ಪುಗಾಳಿ, ಘಟ್ಟದ ಮೇಲಿನ ತೇವ, ಎರಡೂ ಕಬ್ಬಿಣಕ್ಕೆ ಆಗಿಬರುವುದಿಲ್ಲ. ವರ್ಷಗಟ್ಟಲೆ ಬಿಚ್ಚದ ಪೆಡಲ್ ಕಚ್ಚಿಕೊಂಡಿರುತ್ತದೆ. ನನ್ನ ಹೆಂಡತಿಯ ಸೈಕಲ್ ಇದ್ದದ್ದು ಕಾರವಾರದ ಅವಳ ತವರಿನಲ್ಲಿ, ಸಮುದ್ರದಿಂದ ಕೂಗಳತೆಯಲ್ಲಿ. ಅದರ ಎಡ ಪೆಡಲ್ ಎರಡು ದಿನ ಅಲುಗಲೇ ಇಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟು, ಪಾನಾಕ್ಕೆ ಒಂದು ಮೊಳದ ಕಬ್ಬಿಣದ ಪೈಪ್ ಸಿಕ್ಕಿಸಿ ಒತ್ತಿದ ಮೇಲೆ ಟಕ್ ಅಂತ ಬಿಟ್ಟಿತು. ಇದು ಹೊರಡುವ ಹಿಂದಿನ ರಾತ್ರಿ ಆಗಿದ್ದರೆ?

ಎಡ ಪೆಡಲ್‌ನ ತಿರುಪಿನ ಮರೆ ಉಲ್ಟಾ ಇರುತ್ತದೆ. ನೆನಪಿಡಲು ಸುಲಭದ ದಾರಿ ಹೀಗೆ: 15ರ ಪಾನಾವನ್ನು ಪೆಡಲ್‌ಗೆ ಸಿಕ್ಕಿಸಿ ಹಿಡಿಕೆ ಮೇಲಕ್ಕೆ ಮಾಡಿ. ಆಮೇಲೆ ಹಿಂದಿನ ಚಕ್ರದ ಕಡೆ ಎಳೆಯಿರಿ. ಎರಡೂ ಪೆಡಲ್ ಹೀಗೇ ಸಡಿಲವಾಗುತ್ತವೆ. ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿ.

ರಟ್ಟಿನ ಪೆಟ್ಟಿಗೆ ಹುಬ್ಬಳ್ಳಿ, ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಹೊಸ ಸೈಕಲ್ ಬಂದ ಪೆಟ್ಟಿಗೆಯನ್ನು ಅವರು ಎಸೆಯುವವರೇ, ಕೇಳಿದರೆ ಕೊಡುತ್ತಾರೆ. ನಿಮ್ಮ ಸೈಕಲ್‌ಗಿಂತ ಒಂದು ಸೈಜ್ ದೊಡ್ಡದರ ಪೆಟ್ಟಿಗೆ ಕೇಳಿ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೂ ಬರುತ್ತದೆ. ಆದರೆ ನಾವು ಇಳಿಯುವ ಊರು ಒಂದು, ವಾಪಸ್ ಹತ್ತುವ ಊರು ಇನ್ನೊಂದು. ಅಷ್ಟು ದೊಡ್ಡದನ್ನು ಹೊತ್ತು ತುಳಿಯಲು ಆಗುತ್ತದೆಯೇ? ರಟ್ಟೇ ಸರಿ.

ಬಿಚ್ಚುವ ಕ್ರಮ ನಮ್ಮದು ಹೀಗಿತ್ತು. ಮೊದಲು ಸೀಟಿನ ಕಂಬದ ಎತ್ತರಕ್ಕೆ ಒಂದು ಸುತ್ತು ಟೇಪ್ ಅಂಟಿಸಿ ಗುರುತು ಮಾಡಿ, ಆಮೇಲೆ ಇಳಿಸಿ. ಈ ಗುರುತು ಇಲ್ಲದಿದ್ದರೆ ಮೊದಲ ಮೂರು ದಿನ ಮೊಣಕಾಲು ನೋಯುತ್ತದೆ. ಪೆಡಲ್ ತೆಗೆಯಿರಿ. ಮುಂದಿನ ಚಕ್ರ ತೆಗೆಯಿರಿ. ಹ್ಯಾಂಡಲ್ ಬಿಚ್ಚಿ, ಕೇಬಲ್ ಮುರಿಯದ ಹಾಗೆ ನಡುಕೊಳವೆಯ ಪಕ್ಕಕ್ಕೆ ಕಟ್ಟಿ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ಮಡಿಚಿದ ರಟ್ಟಿನ ತುಂಡು ತುರುಕಿ. ಚಕ್ರ ಇಲ್ಲದಾಗ ಹೈಡ್ರಾಲಿಕ್ ಬ್ರೇಕ್ ಒತ್ತಿಬಿಟ್ಟರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಚಕ್ರ ತೆಗೆದ ಮೇಲೆ ಮುಂದಿನ ಫೋರ್ಕಿನ ಎರಡು ಕಾಲುಗಳ ನಡುವೆ ಏನೂ ಇರುವುದಿಲ್ಲ. ಮೇಲೆ ಭಾರ ಬಿದ್ದರೆ ಬಾಗುತ್ತದೆ. ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪಿನಿಂದ 100 ಮಿ.ಮೀ. ಉದ್ದದ ತುಂಡು ಕತ್ತರಿಸಿ, ಅಚ್ಚಿನ ಕಡ್ಡಿಯನ್ನು ಅದರೊಳಗೆ ತೂರಿಸಿ ಅಲ್ಲಿ ಬಿಗಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ನಿಮ್ಮ ಫೋರ್ಕಿನ ಅಗಲ ಅಳೆದು ಕತ್ತರಿಸಿ, ಕೆಲವದರಲ್ಲಿ 110 ಇರುತ್ತದೆ.

ಈಗ ಹಿಂದಿನ ಡಿರೈಲರ್. ಚೈನನ್ನು ಒಂದು ಗಿಯರ್‌ನಿಂದ ಇನ್ನೊಂದಕ್ಕೆ ದಾಟಿಸುವ, ನೇತಾಡುವ ಭಾಗ ಅದು. ಇದನ್ನು ಬಿಚ್ಚದೆ ಹಾಗೇ ಬಿಡುವವರೇ ಜಾಸ್ತಿ. ನನ್ನ ಸೈಕಲ್‌ನದ್ದನ್ನು ನಾನೂ ಬಿಚ್ಚಲಿಲ್ಲ, ಸುತ್ತ ಬಟ್ಟೆ ತುಂಬಿದರೆ ಸಾಕು ಅಂದುಕೊಂಡೆ. ಹೆಂಡತಿ ತನ್ನದನ್ನು 5ರ ಅಲೆನ್ ಕೀಯಿಂದ ಬಿಚ್ಚಿ, ಹಳೆ ಲುಂಗಿಯ ತುಂಡಿನಲ್ಲಿ ಸುತ್ತಿ, ಫ್ರೇಮಿನ ಹಿಂದಿನ ತ್ರಿಕೋನದ ಒಳಗೆ ಕಟ್ಟಿದಳು. ಮ್ಯೂನಿಕ್‌ನಲ್ಲಿ ತೆರೆದಾಗ ಅವಳದ್ದು ಸರಿಯಾಗಿತ್ತು. ನನ್ನದು ಒಳಕ್ಕೆ ಬಾಗಿತ್ತು. ಹಿಂದೆ ಕೂತು ನೋಡಿದರೆ ಗಿಯರ್ ಚಕ್ರದ ಗೆರೆಗೆ ಓರೆಯಾಗಿ ನಿಂತದ್ದು ಕಣ್ಣಿಗೇ ಕಾಣುತ್ತಿತ್ತು. ಡಿರೈಲರ್ ಮತ್ತು ಫ್ರೇಮಿನ ನಡುವೆ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು ಇರುತ್ತದೆ, ಹ್ಯಾಂಗರ್ ಅಂತಾರೆ. ಪೆಟ್ಟು ಬಿದ್ದರೆ ಫ್ರೇಮ್ ಬದಲು ತಾನು ಬಾಗಲಿ ಅಂತಲೇ ಅದನ್ನು ಮಾಡಿರುವುದು. ಪ್ರತಿ ಸೈಕಲ್‌ಗೂ ಅದರ ಆಕಾರ ಬೇರೆ, ಹಾಗಾಗಿ ದಾರಿಯ ಅಂಗಡಿಯಲ್ಲಿ ಸಿಗುವುದು ಕಷ್ಟ. ಪುಣ್ಯಕ್ಕೆ ಹೆಚ್ಚುವರಿ ಒಂದು ನನ್ನ ಚೀಲದಲ್ಲಿತ್ತು. ಸೈಕಲ್ ಜೊತೆ ಒಂದೇ ಒಂದು ಬಿಡಿಭಾಗ ಒಯ್ಯುವುದಾದರೆ ಅದನ್ನೇ ಒಯ್ಯಿರಿ. ಮತ್ತು ಡಿರೈಲರ್ ಬಿಚ್ಚಿಯೇ ಬಿಚ್ಚಿ.

ಟೈರಿನ ಗಾಳಿ ಪೂರ್ತಿ ಬಿಡಬೇಡಿ. ಅರ್ಧ ಇದ್ದರೆ ರಿಮ್‌ಗೆ ರಕ್ಷಣೆ. ಫ್ರೇಮಿನ ಕೊಳವೆಗಳಿಗೆ ಫೋಮ್ ಸುತ್ತಿ. ಚಕ್ರದ ಅಚ್ಚಿನ ತುದಿ ರಟ್ಟನ್ನು ತೂತು ಮಾಡುತ್ತದೆ, ಅಲ್ಲಿ ಎರಡು ಪದರ ರಟ್ಟು ಜಾಸ್ತಿ ಅಂಟಿಸಿ. ಬಿಚ್ಚಿದ ಬೋಲ್ಟು, ವಾಷರ್ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಬೇರೆ ಚೀಲದಲ್ಲಿಡಿ, ಪೆಟ್ಟಿಗೆಯಲ್ಲಿ ಮಾತ್ರ ಬೇಡ. ಪೆಟ್ಟಿಗೆಯ ಮೂಲೆ ಹರಿದರೆ ಮೊದಲು ಜಾರಿ ಹೋಗುವುದು ಅವೇ. ಎರಡೂ ಪಕ್ಕ ಕೈ ತೂರುವಷ್ಟು ತೂತು ಕೊರೆದು ಸುತ್ತ ಟೇಪ್ ಹಾಕಿ. ಹಿಡಿಯಲು ಜಾಗ ಇದ್ದರೆ ಕೆಲಸಗಾರರು ಎತ್ತುತ್ತಾರೆ, ಇಲ್ಲದಿದ್ದರೆ ಎಳೆಯುತ್ತಾರೆ.

ಮೊದಲ ಸಲ ನಮಗೆ ನಾಲ್ಕು ತಾಸು ಹಿಡಿಯಿತು. ಮೂರನೇ ಸಲ ಒಂದೂವರೆ. ಹೊರಡುವ ಮುಂಚೆ ಮೂರು ಸಲವಾದರೂ ಬಿಚ್ಚಿ ಕಟ್ಟಿ. ಒಂದು ಸಲವಂತೂ ಪ್ರಯಾಣಕ್ಕೆ ಒಯ್ಯುವ ಸಣ್ಣ ಟೂಲ್‌ಗಳಿಂದಲೇ ಮಾಡಿ, ಮನೆಯ ದೊಡ್ಡ ಪಾನಾ ಮುಟ್ಟಬೇಡಿ.

ಸೈಕಲ್‌ಗೆ ಸಿಕ್ಕಿಸುವ ಪಕ್ಕದ ಚೀಲಗಳನ್ನು ಒಂದು ದೊಡ್ಡ ಪ್ಲಾಸ್ಟಿಕ್ ಗೋಣಿಯಲ್ಲಿ ತುಂಬಿ ಬಾಯಿ ಹೊಲಿದರೆ ವಿಮಾನದಲ್ಲಿ ಒಂದೇ ಚೀಲದ ಲೆಕ್ಕ. ಹೆಲ್ಮೆಟ್, ಶೂ, ಔಷಧಿ ಕೈಚೀಲದಲ್ಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ. ಇ-ಬೈಕ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಒಲೆಯ ಗ್ಯಾಸ್ ಡಬ್ಬಿ ಬೇಡವೇ ಬೇಡ, ಅಲ್ಲೇ ಕೊಳ್ಳಿ. ತುಪ್ಪ, ಪೇಡೆ ಸಹ ಬೇಡ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನಲ್ಲಿ ನಿಷೇಧ ಇದೆ. ಅವಲಕ್ಕಿ, ಚಟ್ನಿಪುಡಿ ಧಾರಾಳ ಒಯ್ಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಟೈರು, ಟೆಂಟಿಗೆ ಅಂಟಿದ ಮಣ್ಣನ್ನು ಒಂದು ಚೂರೂ ಇಲ್ಲದ ಹಾಗೆ ತೊಳೆಯಬೇಕು.

ಮನೆಯಿಂದ ವಿಮಾನದವರೆಗೆ

ಯುರೋಪಿನಲ್ಲಿ ಸೈಕಲ್ ತುಳಿಯಲು ಒಳ್ಳೆ ಕಾಲ ಬೇಸಿಗೆ. ನಮಗೆ ಅದೇ ಮಳೆಗಾಲ. ನೆಂದ ರಟ್ಟು ಹಪ್ಪಳದ ಹಿಟ್ಟಿನ ಹಾಗೆ ಆಗುತ್ತದೆ. ಪೆಟ್ಟಿಗೆಯನ್ನು ಅಡಿಕೆ ಒಣಗಿಸುವ ತಾಡಪತ್ರಿಯಲ್ಲಿ ಸುತ್ತಿ, ಬಾಯಿ ಕೆಳಗೆ ಬರುವಂತೆ ಹಗ್ಗ ಕಟ್ಟಿ. ವಿಮಾನ ನಿಲ್ದಾಣದಲ್ಲಿ ಬಿಚ್ಚಿ ಗಾಡಿಯವರ ಕೈಯಲ್ಲೇ ವಾಪಸ್ ಕಳಿಸಬಹುದು. ಶಿರಸಿಯಿಂದ ಬೆಂಗಳೂರು 400 ಕಿ.ಮೀ. ಬಸ್ಸಿನ ಡಿಕ್ಕಿಯಲ್ಲಿ ಹಾಕುವುದಾದರೆ ಹಿಂದಿನ ದಿನವೇ ಹೋಗಿ ಅಳತೆ ನೋಡಿ ಮಾತಾಡಿ. ರೈಲಿಗೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ನಾವು ನಡುವಿನ ಸೀಟು ಮಡಚಬಹುದಾದ ಗಾಡಿ ಬಾಡಿಗೆಗೆ ಹಿಡಿದು, ಎರಡು ಪೆಟ್ಟಿಗೆಯನ್ನೂ ಒಂದರ ಮೇಲೊಂದು ಮಲಗಿಸಿ ಒಯ್ದೆವು. ದುಡ್ಡು ಜಾಸ್ತಿ ಹೋಯಿತು, ಆದರೆ ನಿದ್ದೆ ಬಂತು.

ನಿಲ್ದಾಣಕ್ಕೆ ನಾಲ್ಕು ತಾಸು ಮೊದಲೇ ಹೋಗಿ. ಬೆಂಗಳೂರಿನಲ್ಲಿ ಹೊರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ. ಸೈಕಲ್ ದುಬಾರಿಯದ್ದಾದರೆ ಪೆಟ್ಟಿಗೆ ಒಪ್ಪಿಸುವ ಮುಂಚೆ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ವಾಪಸ್ ಬರುವಾಗ ಇದು ಹೊರಗೆ ಕೊಂಡದ್ದಲ್ಲ ಅನ್ನುವುದಕ್ಕೆ ಅದೇ ಆಧಾರ. ಖರೀದಿ ಬಿಲ್ ಮತ್ತು ಫ್ರೇಮ್ ನಂಬರಿನ ಫೋಟೋ ಜೊತೆಗಿರಲಿ. ನಂಬರ್ ಸಾಮಾನ್ಯವಾಗಿ ಪೆಡಲ್ ಅಚ್ಚಿನ ಅಡಿಯಲ್ಲಿ ಕೊರೆದಿರುತ್ತದೆ. ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಪೆಟ್ಟಿಗೆ ತೆರೆಸುತ್ತಾರೆ. ಹಾಗಾಗಿ ಟೇಪಿನ ಒಂದು ಸುರುಳಿ ಕೈಯಲ್ಲೇ ಇರಲಿ.

ಇಳಿದ ಮೇಲೆ

ಸೈಕಲ್ ಪೆಟ್ಟಿಗೆ ಮಾಮೂಲಿ ಬೆಲ್ಟಿನಲ್ಲಿ ಬರುವುದಿಲ್ಲ, ದೊಡ್ಡ ಸಾಮಾನಿನ ಬಾಗಿಲು ಬೇರೆ ಇರುತ್ತದೆ. ಪೆಟ್ಟಿಗೆ ಹರಿದಿದ್ದರೆ ಅಲ್ಲೇ ತೆರೆದು ನೋಡಿ, ಹೊರಗೆ ಹೋಗುವ ಮುಂಚೆಯೇ ದೂರು ಬರೆಸಿ, ಅದರ ನಂಬರ್ ಪಡೆಯಿರಿ. ವಿಮಾನ ಪ್ರಯಾಣದ ಬಗ್ಗೆ ದೇಶಗಳ ನಡುವೆ ಇರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಗೆ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿ ಬಂದ ಸಾಮಾನಿಗೆ, ಅದು ಕೈಗೆ ಬಂದ ದಿನದಿಂದ 21 ದಿನ.

ಅವತ್ತು ಬೇರೆ ಏನೂ ಇಟ್ಟುಕೊಳ್ಳಬೇಡಿ. ಜೋಡಿಸಿ, ನಿಲ್ದಾಣದ ಹೊರಗೆ ಹತ್ತು ಸುತ್ತು ಹೊಡೆದು ಬ್ರೇಕ್ ನೋಡಿ, ಹತ್ತಿರದಲ್ಲೇ ಮಲಗಿ. ಜರ್ಮನಿಯ ಲೋಕಲ್ ರೈಲುಗಳಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ಬೇಕು. ಸೈಕಲ್ ಚಿತ್ರ ಇರುವ ಬೋಗಿ ಹತ್ತಬೇಕು. ಮ್ಯೂನಿಕ್‌ನಲ್ಲಿ ಕೆಲಸದ ದಿನ ಬೆಳಿಗ್ಗೆ, ಸಂಜೆ ಗದ್ದಲದ ಹೊತ್ತು ಸೈಕಲ್ ಹತ್ತಿಸುವಂತಿಲ್ಲ.

ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ. ಹಿಂದಿನಿಂದ ಬರುವ ಗಾಡಿ ನಿಮ್ಮ ಎಡಗಡೆಯಿಂದ ದಾಟುತ್ತದೆ. ಹ್ಯಾಂಡಲ್‌ನ ಕನ್ನಡಿಯನ್ನು ಎಡಕ್ಕೆ ಹಾಕಿಕೊಳ್ಳಿ. ಮೊದಲ ವಾರ ನಿಜವಾದ ಅಪಾಯ ಬೆಳಿಗ್ಗೆ ಖಾಲಿ ರಸ್ತೆಗೆ ಇಳಿಯುವಾಗ. ಎದುರಿಗೆ ಯಾರೂ ಇಲ್ಲದಿದ್ದರೆ ನಮ್ಮ ಕೈ ತಾನಾಗೇ ಎಡಕ್ಕೆ ಹೋಗುತ್ತದೆ. ನಾವು ಪ್ರತಿ ಸಲ ಹೊರಡುವಾಗ ಒಬ್ಬರಿಗೊಬ್ಬರು ಗಟ್ಟಿಯಾಗಿ "ಬಲಕ್ಕೆ" ಅಂತ ಹೇಳುವುದನ್ನು ರೂಢಿ ಮಾಡಿಕೊಂಡೆವು.

ದಾರಿಯಲ್ಲಿ ಬೇರೆ ತೊಂದರೆ ಕಡಿಮೆ. ಆಸ್ಟ್ರಿಯಾದಲ್ಲಿ ನಲ್ಲಿ ನೀರು ಕುಡಿಯಬಹುದು. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್, ಹಣ್ಣು ಕೊಂಡಿಡಿ. ಶ್ಲೋಗನ್ ಎಂಬಲ್ಲಿ ಡ್ಯಾನ್ಯೂಬ್ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಸೈಕಲ್ ಸಮೇತ ದೋಣಿಯಲ್ಲಿ ದಾಟುವಾಗ ನಮ್ಮ ತದಡಿ, ಅಘನಾಶಿನಿಯ ತಾರಿ ಬಹಳ ನೆನಪಾಯಿತು.

ವಾಪಸ್ ಪೆಟ್ಟಿಗೆ

ಇದನ್ನು ಮರೆತವರು ಕೊನೆಯ ದಿನ ಊರೆಲ್ಲ ಓಡಾಡುತ್ತಾರೆ. ನಾವು ಸರ್ಬಿಯಾದ ನೋವಿಸಾದ್ ತಲುಪಿದ ದಿನವೇ, ಅಂದರೆ ವಿಮಾನಕ್ಕೆ ಐದು ದಿನ ಇರುವಾಗ, ಬೆಲ್‌ಗ್ರೇಡ್‌ನ ನಾಲ್ಕು ಸೈಕಲ್ ಅಂಗಡಿಗಳಿಗೆ ಇಮೇಲ್ ಬರೆದೆವು. ಒಂದರಿಂದ ಉತ್ತರ ಬಂತು, ಎರಡು ಪೆಟ್ಟಿಗೆ ತೆಗೆದಿಟ್ಟರು. ಅಂಗಡಿಗೆ ಹತ್ತಿರದ ರೂಮನ್ನೇ ಹಿಡಿದೆವು, ಏಕೆಂದರೆ ಖಾಲಿ ಪೆಟ್ಟಿಗೆಯನ್ನು ನಡೆದೇ ತರಬೇಕು. ಈ ಸಲ ನನ್ನ ಡಿರೈಲರನ್ನೂ ಬಿಚ್ಚಿದೆ. ಸುತ್ತಲು ಅದೇ ಲುಂಗಿಯ ಇನ್ನರ್ಧ.

ಮನೆಗೆ ಬಂದ ದಿನವೇ ಪೆಟ್ಟಿಗೆ ತೆರೆಯಿರಿ, ಮಳೆಗಾಲದ ತೇವದಲ್ಲಿ ರಟ್ಟಿನೊಳಗೆ ಸೈಕಲ್ ಬಿಡಬೇಡಿ. ಪೆಡಲ್ ಮರೆಗೆ, ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಿಯೇ ಕೂರಿಸಿ.